ಪುಸ್ತಕ ಕಚ್ಚುವ ಮೇಷ್ಟ್ರು

ಮೊನ್ನೆ ನಮ್ಮ ಬಡಾವಣೆಯ ಸಂಘದಲ್ಲಿ ಮೇಷ್ಟ್ರಿಗೊಂದು ಶ್ರದ್ಧಾಂಜಲಿ ಸಭೆ ಇತ್ತು. ಮಾತಾಡಿದವರೆಲ್ಲ ಅವರನ್ನು ಶಿಸ್ತಿನ ಸಿಪಾಯಿ ಎಂದರು. ಒಬ್ಬರಂತೂ ‘ಬಂಡೆಯಂಥ ವ್ಯಕ್ತಿತ್ವ’ ಎಂದು ಹೇಳಿ ಕಣ್ಣು ಒರೆಸಿಕೊಂಡರು. ಮೈಕು ನನ್ನ ಕೈಗೆ ಬಂದಾಗ ನನಗೆ ನೆನಪಾದದ್ದು ಒಂದೇ ಸಂಗತಿ: ಈ ಮನುಷ್ಯ ಪುಸ್ತಕ ಕಚ್ಚುತ್ತಿದ್ದರು. ಹಾರ ಹಾಕಿದ ಫೋಟೋದ ಎದುರು ನಿಂತು ಅದನ್ನು ಹೇಗೆ ಹೇಳುವುದು? ಹೇಳಿದರೆ ಮನೆಯವರು ಏನು ತಿಳಿದುಕೊಳ್ಳುತ್ತಾರೋ, ಹೇಳದಿದ್ದರೆ ಮೇಷ್ಟ್ರು ಮೇಲಿಂದ ಏನು ತಿಳಿದುಕೊಳ್ಳುತ್ತಾರೋ ಎಂದು ಎರಡೂ ಕಡೆ ಹೆದರಿ, ನಾನೂ ‘ಶಿಸ್ತು’ ಎಂದು ಹೇಳಿ ಕೂತುಬಿಟ್ಟೆ. ನನ್ನ ಬಾಳಿನ ಮುಕ್ಕಾಲು ಪಾಲು ಭಾಷಣಗಳು ಹೀಗೆಯೇ ಮುಗಿದಿವೆ. ಆದ್ದರಿಂದ ಈ ಬರಹ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ನಮ್ಮ ಮಾರೇನಹಳ್ಳಿಯಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ಎಲ್ಲರಿಗೂ ಅವರು ಪಿ.ಟಿ. ಮೇಷ್ಟ್ರು. ಹೈಸ್ಕೂಲಿನಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸಿ ನಿವೃತ್ತರಾದವರು. ಆರಡಿಗೆ ಹತ್ತಿರದ ಆಳು, ಹುರಿ ಮಾಡಿದ ಮೀಸೆ, ಬಿಳಿ ಕ್ಯಾನ್ವಾಸ್ ಶೂ. ಇಂಥ ಮನುಷ್ಯ ನಿವೃತ್ತರಾದ ಮೇಲೆ ಬೆಳಗಿನ ವಾಕಿಂಗ್ ಗುಂಪನ್ನೋ, ಯೋಗ ಶಿಬಿರವನ್ನೋ ಶುರುಮಾಡುತ್ತಾರೆ ಎಂದು ಎಲ್ಲರೂ ಕಾದರು. ಅವರು ಮಕ್ಕಳ ಲೈಬ್ರರಿ ಶುರುಮಾಡಿದರು.

ಲೈಬ್ರರಿ ಇದ್ದದ್ದು ಒಂದು ಹಿಟ್ಟಿನ ಮಿಲ್ಲಿನ ಮೇಲಿನ ರೂಮಿನಲ್ಲಿ. ಕಟ್ಟಡದ ಮಾಲೀಕರು ಊರಿನ ಹಳಬರು, ಮಾರೇನಹಳ್ಳಿ ಹೊಲವಾಗಿದ್ದಾಗಿನಿಂದ ಇರುವ ಮನೆತನ. ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು. ‘ಮಕ್ಕಳು ಓದ್ಕೊಳ್ಳಿ’ ಎಂದು ರೂಮನ್ನು ಸಂಘಕ್ಕೆ ಪುಕ್ಕಟೆಯಾಗಿ ಬಿಟ್ಟುಕೊಟ್ಟಿದ್ದರು. ಕೆಳಗೆ ಮಿಲ್ಲು ಓಡುವಾಗ ಮೇಲೆ ಕಪಾಟುಗಳು ನಡುಗುತ್ತಿದ್ದವು. ಸಂಜೆ ಹೊತ್ತಿಗೆ ಪ್ರತಿ ಪುಸ್ತಕದ ಮೇಲೂ ತೆಳ್ಳಗೆ ರಾಗಿ ಹಿಟ್ಟು. ನಮ್ಮ ಮಕ್ಕಳು ಜ್ಞಾನ ಪಡೆದು ಕೆಳಗಿಳಿದು ಬಂದರೆ ರೊಟ್ಟಿ ತಟ್ಟಿ ಬಂದವರ ಹಾಗೆ ಕಾಣುತ್ತಿದ್ದರು. ಸಂಘದ ಕಾರ್ಯದರ್ಶಿಯಾದ ನನಗೆ ಆ ಹಿಟ್ಟು ಮಕ್ಕಳ ಶ್ವಾಸಕೋಶಕ್ಕೆ ಹೋಗುತ್ತದೆಂಬ ಚಿಂತೆ. ಮೇಷ್ಟ್ರನ್ನು ಕೇಳಿದೆ.

“ಹೋಗ್ಲಿ ಬಿಡಿ ಸೆಕ್ರೆಟರಿ ಸಾರ್. ರಾಗಿ ತಾನೇ? ಶಕ್ತಿ ಬರುತ್ತೆ.”

ಮೊದಲ ಸಲ ಅವರು ಪುಸ್ತಕ ಕಚ್ಚಿದ್ದನ್ನು ನೋಡಿದ್ದು ವಿಜಯನಗರದ ಒಂದು ಪುಸ್ತಕ ಪ್ರದರ್ಶನದಲ್ಲಿ. ಲೈಬ್ರರಿಗೆ ಎಳೆ ಮಕ್ಕಳ ಪುಸ್ತಕ ಕೊಳ್ಳಲು ಇಬ್ಬರೂ ಹೋಗಿದ್ದೆವು. ಮಳಿಗೆಯ ಹುಡುಗಿ ದಪ್ಪ ರಟ್ಟಿನ ಪುಸ್ತಕವೊಂದನ್ನು ಕೊಟ್ಟಳು. ಮೇಷ್ಟ್ರು ಅದನ್ನು ತೆರೆಯಲೇ ಇಲ್ಲ. ಮೊದಲು ಮೂಲೆಯನ್ನು ಕೆನ್ನೆಗೆ ಉಜ್ಜಿ ನೋಡಿದರು. ಆಮೇಲೆ ಎದೆಯೆತ್ತರದಿಂದ ನೆಲಕ್ಕೆ ಬೀಳಿಸಿದರು. ಎತ್ತಿಕೊಂಡು, ಸುತ್ತ ಒಮ್ಮೆ ನೋಡಿ, ಮೂಲೆಯನ್ನು ಬಾಯಿಗಿಟ್ಟು ಕಚಕ್ಕನೆ ಕಚ್ಚಿದರು.

“ಸಾರ್! ಸಾರ್, ಏನ್ ಮಾಡ್ತಾ ಇದೀರಾ?” ಹುಡುಗಿ ಕಿರುಚಿದಳು.

“ಬಣ್ಣ ಬಿಡುತ್ತಮ್ಮ,” ಎಂದು ನಾಲಗೆ ಚಾಚಿ ತೋರಿಸಿದರು. ನಾಲಗೆ ನೀಲಿಯಾಗಿತ್ತು. “ಎರಡು ವರ್ಷದ ಮಗು ಮೊದ್ಲು ಓದಲ್ಲ, ತಿನ್ನುತ್ತೆ. ಇದು ತಿನ್ನೋ ಪುಸ್ತಕ ಅಲ್ಲ.”

ನಾನು ಪಕ್ಕದ ಮಳಿಗೆಯಲ್ಲಿ ಅಡುಗೆ ಪುಸ್ತಕ ನೋಡುವವನ ಹಾಗೆ ನಟಿಸುತ್ತಿದ್ದೆ. ಕಚ್ಚಿದ ಪುಸ್ತಕವನ್ನು ಕೊಳ್ಳಲೇಬೇಕಾಯಿತು, ಆ ಮಾತು ಬೇರೆ. ಬಣ್ಣ ಬಿಟ್ಟ ಆ ಪುಸ್ತಕ ಈಗಲೂ ನನ್ನ ಮನೆಯ ಅಟ್ಟದಲ್ಲಿದೆ. ಬೇರೆ ಯಾರ ಕೈಗೂ ಸಿಗಬಾರದೆಂದು ಮೇಷ್ಟ್ರು ನನ್ನ ವಶಕ್ಕೆ ಒಪ್ಪಿಸಿದ್ದರು.

ಕಚ್ಚುವುದು ಮೊದಲ ಸುತ್ತು. ಎರಡನೆಯ ಸುತ್ತು ಇನ್ನೂ ಕಷ್ಟದ್ದು. ಅದಕ್ಕಾಗಿ ಚೀಲದಲ್ಲಿ ಒಂದು ಸಣ್ಣ ದಿಂಬು ಇಟ್ಟುಕೊಂಡಿರುತ್ತಿದ್ದರು. ಮಳಿಗೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ದಿಂಬನ್ನು ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡು, ಒಂದೇ ಕೈಯಲ್ಲಿ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು. ಇನ್ನೊಂದು ಕೈ ದಿಂಬು ಜಾರದಂತೆ ಹಿಡಿದುಕೊಂಡಿರಬೇಕು. ಓದಿ ಮುಗಿದ ಕೂಡಲೇ ದಿಂಬಿನ ಪರವಾಗಿ ತಾವೇ ‘ಇನ್ನೊಂದ್ಸಲ!’ ಎಂದು ಕೀರಲು ದನಿಯಲ್ಲಿ ಕೂಗಿ ಮತ್ತೆ ಮೊದಲಿನಿಂದ ಓದುತ್ತಿದ್ದರು. ಜನ ಸುತ್ತ ನಿಂತು ನೋಡುತ್ತಿದ್ದರು. ಯಾರೋ ಒಬ್ಬರು ಕನಿಕರದಿಂದ ನನ್ನನ್ನು ಕೇಳಿದರು: “ನಿಮ್ ತಂದೆಯವರಾ?”

“ಮೂರನೇ ಸಲಕ್ಕೆ ಓದೋನಿಗೇ ಬೇಜಾರಾದ್ರೆ ಆ ಪುಸ್ತಕ ವೇಸ್ಟು ಸಾರ್,” ಎಂದು ಅವರು ಆಮೇಲೆ ನನಗೆ ವಿವರಿಸಿದರು. “ಮಗು ನೂರು ಸಲ ಓದಿಸುತ್ತೆ. ಓದೋ ಅಜ್ಜಿ ತೂಕಡಿಸ್ಬಾರ್ದು. ಅಜ್ಜಿ ಕೂತ್ರೆ ಮಗೂನೂ ಕೂರುತ್ತೆ.”

ಲೈಬ್ರರಿಗೆ ಬರುವ ತಂದೆತಾಯಿಯರಿಗೆ ಇದೆಲ್ಲ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಜನರಲ್ ನಾಲೆಡ್ಜು. ಬಸವೇಶ್ವರನಗರದಿಂದ ಒಬ್ಬ ತಂದೆ ಇನ್ನೂ ಸರಿಯಾಗಿ ನಡೆಯಲು ಬಾರದ ಮಗನನ್ನು ಎತ್ತಿಕೊಂಡು ಬಂದಿದ್ದರು. ಬ್ರೈನ್ ಡೆವಲಪ್ ಆಗುವಂಥದ್ದು ಏನಾದರೂ ಕೊಡಿ ಎಂದರು. ಮೇಷ್ಟ್ರು ಮಗುವಿನ ಎದುರು ಮಂಡಿಯೂರಿ ಕೂತು, ಅದರ ಕಣ್ಣು ಎಲ್ಲಿ ಹೋಗುತ್ತದೆಂದು ಬಹಳ ಹೊತ್ತು ನೋಡಿದರು. ಆಮೇಲೆ ಕಪಾಟಿನಿಂದ, ಕೆರೆಯಲ್ಲಿ ಬಿದ್ದುಕೊಂಡ ಎಮ್ಮೆಯೊಂದು ಯಾರು ಕರೆದರೂ ಮೇಲೇಳದ ಕಥೆ ತೆಗೆದುಕೊಟ್ಟರು. ಕಾಗೆ ಕರೆಯುತ್ತದೆ, ಎಮ್ಮೆ ಏಳುವುದಿಲ್ಲ. ನಾಯಿ ಕರೆಯುತ್ತದೆ, ಏಳುವುದಿಲ್ಲ. ಕೊನೆಯ ಪುಟದಲ್ಲಿ ಕಾಗೆ, ನಾಯಿ, ಹುಡುಗಿ ಎಲ್ಲರೂ ಕೆರೆಗೇ ಇಳಿಯುತ್ತಾರೆ.

ತಂದೆ ಪುಟ ತಿರುಗಿಸಿ ನೋಡಿದರು. “ಇದ್ರಲ್ಲಿ ಕಲಿಯೋದೇನಿದೆ ಸಾರ್?”

“ಎಮ್ಮೆ ಎದ್ದೇಳಲ್ಲ ಅಂತ ಕಲಿಯುತ್ತೆ.”

“ಅಲ್ಲ, ನೀತಿ...”

“ನೀತಿ ಎಮ್ಮೆಗೇ ಇಲ್ಲ. ನಿಮ್ಮ ಮಗೂಗೆ ಈಗ್ಲೇ ಯಾಕೆ? ನೋಡಿ ಅಲ್ಲಿ.” ಮಗು ಅಷ್ಟರಲ್ಲಿ ಎಮ್ಮೆಯ ಮೂತಿಯನ್ನು ಬಾಯಿಗೆ ಹಾಕಿಕೊಂಡು ಚೀಪುತ್ತ, ಎರಡೂ ಕಾಲು ಬಡಿಯುತ್ತಿತ್ತು. “ಬ್ರೈನ್ ಡೆವಲಪ್ ಆಗ್ತಾ ಇದೆ. ಕಾಲಿಂದ ಶುರುವಾಗಿದೆ.”

ಇದು ಲೈಬ್ರರಿಯ ಮುಂಭಾಗದ ಕಥೆ. ಅಲ್ಲಿ ಚಾಪೆ, ಎಳೆ ಮಕ್ಕಳು, ಉಚ್ಚೆಯ ವಾಸನೆ. ಹಿಂಭಾಗದಲ್ಲಿ ಒಂದು ಎತ್ತರದ ಮರದ ಕಪಾಟು, ಅದರ ಆಚೆ ಒಂದು ಬೆಂಚು. ಹದಿಮೂರಕ್ಕೆ ಮೇಲ್ಪಟ್ಟವರ ಕಾದಂಬರಿಗಳೆಲ್ಲ ಅಲ್ಲಿ. ಬೆಂಚನ್ನು ಬಾಗಿಲಿಗೆ ಬೆನ್ನು ಮಾಡಿ ಹಾಕಿದ್ದರು. ಮಕ್ಕಳು ಏನು ಓದುತ್ತಿದ್ದಾರೆಂದು ಬಾಗಿಲಿಂದ ಕಾಣಬೇಕಲ್ಲವೇ, ಬೆಂಚು ತಿರುಗಿಸಿ ಹಾಕೋಣ ಎಂದು ನಾನು ಹೇಳಿದ್ದಕ್ಕೆ, “ಹದಿನಾಲ್ಕು ವರ್ಷದೋರು ಮನೇಲಿ ಎಲ್ಲರಿಗೂ ಮುಖ ತೋರಿಸಿ ತೋರಿಸಿ ಸುಸ್ತಾಗಿರ್ತಾರೆ. ಇಲ್ಲಾದ್ರೂ ಬೆನ್ನು ತೋರಿಸ್ಲಿ,” ಎಂದಿದ್ದರು.

ನನ್ನ ಮಗಳೂ ಆ ಬೆಂಚಿನ ಗಿರಾಕಿ. ಆಗ ಒಂಬತ್ತನೆಯ ಕ್ಲಾಸು. ಅವಳು ತಂದ ಪುಸ್ತಕದ ಬೆನ್ನುಡಿಗಳನ್ನು ನಾನು ಅವಳು ಸ್ನಾನಕ್ಕೆ ಹೋದಾಗ ಓದುತ್ತಿದ್ದೆ. ಒಂದರಲ್ಲಿ ಹುಡುಗಿ ಪರೀಕ್ಷೆಯಲ್ಲಿ ಫೇಲಾಗುತ್ತಾಳೆ. ಇನ್ನೊಂದರಲ್ಲಿ ತಾಯಿಗೆ ಮನೋರೋಗ. ಮತ್ತೊಂದರಲ್ಲಿ ಹುಡುಗ ಮನೆ ಬಿಟ್ಟು ರೈಲು ಹತ್ತುತ್ತಾನೆ. ಓದಿದ ಮೇಲೆ ನಾನು ರೈಲಿನ ವೇಳಾಪಟ್ಟಿ ನೋಡಿ, ನಮ್ಮ ಮನೆಗೆ ಹತ್ತಿರದ ಸ್ಟೇಷನ್ನಿನಿಂದ ಯಾವ ಯಾವ ರೈಲು ಹೊರಡುತ್ತವೆಂದು ತಿಳಿದುಕೊಂಡೆ. ಕೊನೆಗೆ ತಡೆಯಲಾರದೆ ಮೇಷ್ಟ್ರ ಹತ್ತಿರ ಹೋದೆ.

“ಮೇಷ್ಟ್ರೇ, ಯಾವ ತೊಂದರೆಯೂ ಇಲ್ಲದ ಹುಡುಗಿಯ ಕಾದಂಬರಿ ಇದ್ದರೆ ಒಂದು ಕೊಡಿ. ನನ್ನ ಮಗಳಿಗೆ.”

“ಹದಿನಾಲ್ಕು ವರ್ಷ, ತೊಂದರೆ ಇಲ್ಲ?”

“ಇಲ್ಲ.”

“ಸಿಕ್ರೆ ತಂದ್ಕೊಡಿ ಸಾರ್. ಕಾದಂಬರಿಲಿ ಬೇಡ, ವಿಜ್ಞಾನದ ಕಪಾಟಿನಲ್ಲಿಡೋಣ.” ಆಮೇಲೆ ನನ್ನ ಮುಖ ನೋಡಿ ಕರುಣೆ ಬಂತೇನೋ, ಕೂರಿಸಿದರು. “ಹೈಜಂಪ್ ಮಾಡಿಸೋವಾಗ ಕಂಬದ ಆಚೆ ಮರಳು ಯಾಕೆ ಹಾಕ್ತೀವಿ ಹೇಳಿ?”

“ಬಿದ್ದರೆ ಪೆಟ್ಟಾಗದಿರಲಿ ಅಂತ.”

“ಅಲ್ಲ. ಬೀಳ್ಲಿ ಅಂತ. ಮರಳಿದ್ರೇ ಮಕ್ಕಳು ಎತ್ತರ ಹಾರೋದು. ಬೀಳೋದನ್ನ ಕಲಿಯೋದೂ ಅಲ್ಲೇ. ನಿಮ್ ಮಗಳು ಆ ಹುಡುಗನ ಜತೆ ರೈಲು ಹತ್ತಿ, ಹಸ್ಕೊಂಡು, ಅತ್ತು, ವಾಪಸ್ ಬಂದಿದಾಳೆ. ಅಷ್ಟಾದ್ರೂ ಮನೇಲಿ ಉಪ್ಪಿಟ್ಟು ತಿಂತಾ ಕೂತಿದ್ಲು. ಇದಕ್ಕಿಂತ ಸೇಫ್ ಏನ್ ಬೇಕು ನಿಮಗೆ?”

ಮಾತು ಸರಿ ಅನ್ನಿಸಿತು. ಆದರೂ ಮನೆಗೆ ಬಂದು ಅವಳ ಶಾಲೆಯ ಚೀಲ ಎತ್ತಿ ತೂಕ ನೋಡಿದೆ. ಬಟ್ಟೆ ಏನೂ ತುಂಬಿಕೊಂಡಿರಲಿಲ್ಲ.

ನಾನು ಹೆದರಿದ್ದು ನಡೆಯಲಿಲ್ಲ. ಹೆದರದೆ ಇದ್ದದ್ದು ನಡೆಯಿತು. ನನ್ನ ವಿಷಯದಲ್ಲಿ ಯಾವಾಗಲೂ ಹಾಗೆಯೇ.

ಯಜಮಾನರ ಮೊಮ್ಮಗಳು ಸಿಂಚನಾ ನನ್ನ ಮಗಳ ವಾರಗೆಯವಳು. ಅವಳು ಆ ಬೆಂಚಿನಿಂದ ಒಂದು ಕಾದಂಬರಿ ಒಯ್ದಿದ್ದಳು. ಅದರಲ್ಲಿ ಗಂಡಹೆಂಡಿರು ಜಗಳವಾಡಿ ಬೇರೆಯಾಗಿರುತ್ತಾರೆ. ಮಗಳು ಟ್ಯೂಷನ್‌ಗೆ ಹೋಗುತ್ತೇನೆಂದು ತಾಯಿಗೆ ಸುಳ್ಳು ಹೇಳಿ, ಬಸ್ಸು ಹತ್ತಿ ಪಕ್ಕದ ಊರಿನಲ್ಲಿರುವ ತಂದೆಯನ್ನು ನೋಡಲು ಹೋಗುತ್ತಿರುತ್ತಾಳೆ. ಅವಳದ್ದು ಒಂದೇ ಹಟ, ಅಪ್ಪ ಒಂದು ಸಲ ಅಮ್ಮನಲ್ಲಿ ಕ್ಷಮೆ ಕೇಳಬೇಕು. ಸಿಂಚನಾ ಅದನ್ನು ಓದಿ ಮುಗಿಸಿ, ಊಟಕ್ಕೆ ಕೂತಾಗ ತಾತನನ್ನು ಕೇಳಿದಳಂತೆ:

“ತಾತ, ನೀನು ಅಜ್ಜಿ ಹತ್ರ ಯಾವತ್ತಾದ್ರೂ ಸಾರಿ ಕೇಳಿದೀಯಾ?”

ಮುದ್ದೆಗೆ ಸಾರು ಬಿಡುತ್ತಿದ್ದ ಅಜ್ಜಿ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿ, ಉತ್ತರಕ್ಕೆ ಕಾದರಂತೆ. ಉತ್ತರ ಬರುವವರೆಗೆ ಸಾರು ಬರಲಿಲ್ಲ.

ಮರುದಿನ ಬೆಳಿಗ್ಗೆ ಯಜಮಾನರು ನನ್ನ ಮನೆಯ ಗೇಟು ಬಡಿದರು. “ಏನ್ರೀ ಸೆಕ್ರೆಟರಿ, ಮನೆ ಒಡೆಯೋ ಪುಸ್ತಕ ಇಟ್ಕೊಂಡು ಕೂತಿದೀರಾ ನನ್ನ ಕಟ್ಟಡದಲ್ಲಿ? ಆ ದೊಡ್ಡ ಮಕ್ಕಳ ಕಪಾಟು ತೆಗೀರಿ. ಇಲ್ಲ ಅಂದ್ರೆ ರೂಮೇ ಖಾಲಿ ಮಾಡಿ. ಮಿಲ್ಲಿನ ಮೂಟೆ ಇಡೋಕೆ ಜಾಗ ಸಾಲ್ತಿಲ್ಲ ನನಗೆ.”

ಸಂಘದ ಸಭೆ ಸೇರಿತು. ಎಲ್ಲರ ಅಭಿಪ್ರಾಯವೂ ಒಂದೇ: ಕಪಾಟು ಹೋಗಲಿ, ಚಾಪೆ ಉಳಿಯಲಿ. ರೂಮು ಹೋದರೆ ಎಳೆ ಮಕ್ಕಳಿಗೂ ಜಾಗವಿಲ್ಲ. ವಿಜಯನಗರದ ಸುತ್ತ ಪುಕ್ಕಟೆಯಾಗಿ ಗಾಳಿ ಕೂಡ ಸಿಗದ ಕಾಲ ಇದು. ನಾನೂ ಕೈ ಎತ್ತಿದೆ. ಮೇಷ್ಟ್ರು ಮೂಲೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಎದ್ದು ನಿಂತರು. ಅವರ ದನಿ ಯಾವತ್ತೂ ಮೈದಾನದ ಆಚೆ ತುದಿಗೆ ಕೇಳುವಂಥದ್ದು, ಅವತ್ತು ಸಣ್ಣದಾಗಿತ್ತು.

“ಚಾಪೆ ಮೇಲೆ ಕೂತು ಎಮ್ಮೆ ಪುಸ್ತಕ ಚೀಪಿದ ಮಗು ನಾಳೆ ಹದಿಮೂರಕ್ಕೆ ಬರುತ್ತೆ. ಬಂದು ಕಪಾಟೆಲ್ಲಿ ಅಂತ ಕೇಳುತ್ತೆ. ಇಲ್ಲಪ್ಪ, ನೀನು ದೊಡ್ಡೋನಾದೆ, ಇನ್ಮೇಲೆ ಓದಬೇಡ ಅನ್ನೋಣ್ವಾ? ಹಾಗಾದ್ರೆ ಅವತ್ತು ಚೀಪಿಸಿದ್ದು ಯಾತಕ್ಕೆ?”

ಅವರೇ ಮುಂದುವರಿಸಿದರು. “ಒಂದು ವಾರ ಟೈಮ್ ಕೊಡಿ. ಯಜಮಾನರು ಆ ಪುಸ್ತಕ ಓದಿಲ್ಲ. ಓದದೆ ಶಿಕ್ಷೆ ಕೊಟ್ರೆ ಅದು ಫೌಲು.”

“ಅವರಿಗೆ ಕಣ್ಣಿಗೆ ಪೊರೆ ಬಂದಿದೆ ಮೇಷ್ಟ್ರೇ. ಪೇಪರ್ ಹೆಡ್ಡಿಂಗೇ ಕಾಣಲ್ಲ,” ಎಂದೆ.

“ಕಿವಿ ಇದೆಯಲ್ಲ?”

ಮಾರನೆಯ ಸಂಜೆಯಿಂದ ಮೇಷ್ಟ್ರು ಮಿಲ್ಲಿನ ಮುಂದಿನ ಕಲ್ಲುಬೆಂಚಿನ ಮೇಲೆ ಯಜಮಾನರ ಪಕ್ಕ ಕೂತು ಕಾದಂಬರಿ ಓದತೊಡಗಿದರು. ಯಜಮಾನರು ಒಪ್ಪಿದ್ದಕ್ಕೆ ಕಾರಣ ಇಷ್ಟೇ: ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವ ಆಸೆ. ಮಿಲ್ಲು ಓಡುತ್ತಿದ್ದಾಗ ಮೇಷ್ಟ್ರು ಕಿರುಚಿ ಓದಬೇಕಿತ್ತು. ರಾಗಿ ಬೀಸಿಸಲು ಬಂದ ಹೆಂಗಸರು ಡಬ್ಬಿ ಕೆಳಗಿಟ್ಟು ಅಲ್ಲೇ ನಿಂತರು. ನಾನು ಗಲಾಟೆಯಾದರೆ ಬಿಡಿಸಲೆಂದು ಹೋಗುತ್ತಿದ್ದೆ, ಅಥವಾ ಹಾಗೆಂದು ಹೆಂಡತಿಗೆ ಹೇಳಿ ಹೋಗುತ್ತಿದ್ದೆ.

ಯಜಮಾನರು ಕಾದಂಬರಿ ಕೇಳುತ್ತಿದ್ದದ್ದು ಪಂಚಾಯ್ತಿಗೆ ಕೂತವರ ಹಾಗೆ. “ನಿಲ್ಸಿ, ನಿಲ್ಸಿ. ಆ ಹುಡುಗಿ ಟ್ಯೂಷನ್ ಅಂತ ಸುಳ್ಳು ಹೇಳಿದ್ಲಲ್ಲ, ಅವಳ ತಾಯಿ ಟ್ಯೂಷನ್ ಮೇಷ್ಟ್ರನ್ನ ಒಂದು ಮಾತು ಕೇಳಬಾರ್ದಾ? ಎಂಥಾ ತಾಯಿ?”

“ಮುಂದೆ ಬರುತ್ತೆ ಯಜಮಾನ್ರೇ.”

“ಆ ತಂದೆ ನೋಡಿ, ಬೇಕೂಫ! ಮಗಳು ಅಷ್ಟು ದೂರದಿಂದ ಬಂದಿದಾಳೆ, ಊಟ ಮಾಡಿದೀಯಾ ಅಂತ ಕೇಳಲ್ಲ.”

“ಅವನಿಗೂ ನಾಚಿಕೆ ಇರುತ್ತಲ್ಲ, ಯಜಮಾನ್ರೇ.”

“ನಾಚಿಕೆ ಇದ್ದೋನು ಬಾಳೆಹಣ್ಣಾದ್ರೂ ಕೊಡಿಸ್ತಾನೆ ಕಣ್ರೀ!”

ರಾಗಿ ಡಬ್ಬಿಯ ಹೆಂಗಸೊಬ್ಬಳು ನಡುವೆ ಬಾಯಿ ಹಾಕಿದಳು: “ನಮ್ಮೋರೂ ಹಂಗೇ ಯಜಮಾನ್ರೇ. ಕ್ಷಮೆ ಕೇಳೋ ಬದ್ಲು ಹೊಸ ಮಿಕ್ಸಿ ತಂದ್ಕೊಡ್ತಾರೆ.” ಯಜಮಾನರು ಅವಳ ಕಡೆ ತಿರುಗಿ ನೋಡಿದರು. ಆಮೇಲೆ ಮೇಷ್ಟ್ರಿಗೆ ಮುಂದೆ ಓದಿ ಎಂದರು. ಅವರ ಮನೆಗೂ ಹೋದ ತಿಂಗಳು ಹೊಸ ಮಿಕ್ಸಿ ಬಂದದ್ದು ಬೀದಿಗೆಲ್ಲ ಗೊತ್ತಿತ್ತು.

ಕೊನೆಯ ಅಧ್ಯಾಯದ ದಿನ ಯಜಮಾನರು ಮಿಲ್ಲು ನಿಲ್ಲಿಸಿದರು. ಕಾದಂಬರಿಯ ತಂದೆ ಬಸ್ಸಿನಿಂದಿಳಿದು ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಕ್ಷಮೆ ಕೇಳಿದನೋ ಇಲ್ಲವೋ ಪುಸ್ತಕ ಹೇಳುವುದಿಲ್ಲ. ಯಜಮಾನರು ಎದ್ದು ನಿಂತು ಪಂಚೆ ಕೊಡವಿದರು.

“ಇದು ಕೆಟ್ಟ ಪುಸ್ತಕಾನೇ ಮೇಷ್ಟ್ರೇ. ನನ್ನ ಮಾತು ಬದಲಾಗಲ್ಲ.”

ರೂಮಿನ ಸಾಮಾನು ಇಳಿಸಲು ಯಾವ ಟೆಂಪೋದವನನ್ನು ಕರೆಯಬೇಕೆಂದು ಆಗಲೇ ಯೋಚನೆ ಶುರುವಾಯಿತು.

“ಆದ್ರೆ ಕೆಟ್ಟದ್ದು ಯಾರಿಗೆ? ಮಕ್ಕಳಿಗೆ. ಇಂಥದ್ದನ್ನ ತಂದೆತಾಯಿ ಓದಬೇಕು. ತಾತಂದಿರು ಓದಬೇಕು. ಕಪಾಟು ಇರ್ಲಿ. ‘ದೊಡ್ಡವರಿಗೆ ಮಾತ್ರ’ ಅಂತ ಬೋರ್ಡು ಹಾಕಿ. ಒಂದು ಮಗೂನೂ ಮುಟ್ಟಕೂಡದು.”

ಮೇಷ್ಟ್ರು ಜಗಳಕ್ಕೆ ನಿಲ್ಲುತ್ತಾರೆಂದು ನಾನು ಕಣ್ಣು ಮುಚ್ಚಿದೆ. “ಆಯ್ತು ಯಜಮಾನ್ರೇ,” ಎಂದರು ಅವರು, ತಕ್ಷಣ. ಅಷ್ಟು ತಕ್ಷಣ ಅವರು ಯಾವುದಕ್ಕೂ ಒಪ್ಪಿದ್ದನ್ನು ನಾನು ಕಂಡಿರಲಿಲ್ಲ. ಅದೇ ಸಂಜೆ ಕೆಂಪು ಬಣ್ಣದಲ್ಲಿ, ರಸ್ತೆಯಿಂದ ಮೆಟ್ಟಿಲು ಹತ್ತುವವರಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಬೋರ್ಡು ಬರೆಸಿ ಕಪಾಟಿನ ನೆತ್ತಿಗೆ ಮೊಳೆ ಹೊಡೆದರು.

ಅಲ್ಲಿಯವರೆಗೆ ಆ ಬೆಂಚಿನಲ್ಲಿ ನಾಲ್ಕೈದು ಮಕ್ಕಳು ಕೂರುತ್ತಿದ್ದರು. ಬೋರ್ಡು ಹಾಕಿದ ಮೇಲೆ ದೀಪಾಂಜಲಿ ನಗರದಿಂದಲೂ ಮಕ್ಕಳು ಸೈಕಲ್ ತುಳಿದುಕೊಂಡು ಬಂದರು. ಮೊಬೈಲ್ ಬಿಟ್ಟು ತಲೆ ಎತ್ತದ ಹುಡುಗರು, “ಗುರು, ಅಲ್ಲೇನೋ ದೊಡ್ಡೋರ್ ಪುಸ್ತಕ ಇದ್ಯಂತೆ,” ಎಂದು ಪಿಸುಗುಟ್ಟುತ್ತ ಮೆಟ್ಟಿಲು ಹತ್ತಿದರು. ಮೇಷ್ಟ್ರು ಬಾಗಿಲಲ್ಲೇ ತಡೆಯುತ್ತಿದ್ದರು.

“ಯಾರಿಗಪ್ಪಾ ಪುಸ್ತಕ?”

“ನಮ್... ನಮ್ ಅಜ್ಜಿಗೆ ಸಾರ್.”

“ಅಜ್ಜಿಗೆ ಎಂಥ ಕಥೆ ಇಷ್ಟ?”

“ಫುಟ್ಬಾಲ್ ಟೀಮಿಂದ ಹೊರಗೆ ಹಾಕಿರ್ತಾರಲ್ಲ, ಆ ಥರದ್ದು.”

“ಪಾಪ. ಅಜ್ಜಿಗೆ ನಾನು ಕೇಳ್ದೆ ಅಂತ ಹೇಳು,” ಎಂದು ಮುಖದ ಒಂದು ಗೆರೆಯೂ ಅಲುಗದಂತೆ ಪುಸ್ತಕ ಕೊಡುತ್ತಿದ್ದರು. ಸ್ವಲ್ಪ ದಿನದಲ್ಲೇ ಪಶ್ಚಿಮ ಬೆಂಗಳೂರಿನ ಅಜ್ಜಿಯರಷ್ಟು ಕಾದಂಬರಿ ಓದುವವರು ನಾಡಿನಲ್ಲೇ ಇಲ್ಲವೆಂಬಂತಾಯಿತು. ಇದು ಮೋಸವಲ್ಲವೇ, ಯಜಮಾನರಿಗೆ ಗೊತ್ತಾದರೆ ರೂಮು ಹೋಗುವುದಿಲ್ಲವೇ ಎಂದು ನಾನು ದಿನವೂ ಕೇಳುತ್ತಿದ್ದೆ. “ಬೋರ್ಡು ಹಾಕಿ ಅಂದ್ರು, ಹಾಕಿದೀನಿ. ಇನ್ನೇನ್ ಮಾಡ್ಲಿ?” ಎನ್ನುತ್ತಿದ್ದರು. ಸಿಂಚನಾ ಕೂಡ ‘ತಾತಂಗೆ’ ಎಂದೇ ಒಯ್ಯುತ್ತಿದ್ದಳು. ಅವಳನ್ನು ಕಂಡಾಗೆಲ್ಲ ನಾನು ಮೆಟ್ಟಿಲ ಹತ್ತಿರ ಹೋಗಿ ಯಜಮಾನರು ಕೆಳಗಿದ್ದಾರೋ ಎಂದು ಇಣುಕಿ ನೋಡುತ್ತಿದ್ದೆ.

ಒಂದು ಶನಿವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಕೋಲು ಕುಟ್ಟುವ ಸದ್ದು ಕೇಳಿತು. ಲೈಬ್ರರಿ ಶುರುವಾದಾಗಿನಿಂದ ಒಂದು ದಿನವೂ ಮೇಲೆ ಬರದ ಯಜಮಾನರು, ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದರು. ಕಂಕುಳಲ್ಲಿ ಒಂದು ಕಾದಂಬರಿ. ಕಪಾಟಿನ ಆಚೆ ಬೆಂಚಿನ ಮೇಲಿದ್ದ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಬಗ್ಗಿಕೊಂಡರು. ಅವರಲ್ಲಿ ಸಿಂಚನಾಳೂ ಇದ್ದಳು, ನನ್ನ ಮಗಳೂ ಇದ್ದಳು.

“ಮೇಷ್ಟ್ರೇ, ಇದನ್ನ ಯಾರ ಹೆಸರಲ್ಲಿ ಕೊಟ್ಟಿದೀರಿ?”

“ನಿಮ್ಮ ಹೆಸರಲ್ಲಿ ಯಜಮಾನ್ರೇ.”

“ನಾನು ಕೇಳಿದ್ನಾ?”

“ಇಲ್ಲ.”

ಮುಗಿಯಿತು ಅಂದುಕೊಂಡೆ. ಯಜಮಾನರು ಎಳೆ ಮಕ್ಕಳ ಪುಟ್ಟ ಸ್ಟೂಲಿನ ಮೇಲೆ ಮೆಲ್ಲಗೆ ಕೂತರು. ಮಂಡಿ ಗಲ್ಲದವರೆಗೆ ಬಂತು.

“ಸಿಂಚನಾ ಚೀಲದಲ್ಲಿ ಸಿಕ್ತು. ‘ನಿಂಗೇ ಅಂತ ತಂದಿದೀನಿ, ತಾತ’ ಅಂದ್ಲು. ಸರಿ, ನನ್ನ ಹೆಸರಲ್ಲಿ ತಂದ್ಮೇಲೆ ನನಗೇ ಓದು ಅಂದೆ. ದಿನಾ ಸಂಜೆ ಓದ್ತಾಳೆ. ಚೆನ್ನಾಗೇ ಓದ್ತಾಳೆ, ನಿಮ್ಮ ಥರ ಕಿರುಚಲ್ಲ.” ಸ್ವಲ್ಪ ಉಸಿರು ತೆಗೆದುಕೊಂಡರು. “ನಿನ್ನೆ ಪುಟ ಹಾರಿಸಿದ್ಲು. ನನಗೆ ಕಣ್ಣು ಕಾಣಲ್ಲ, ಕಿವಿ ನೆಟ್ಟಗಿದೆ. ಹಾಳೆ ಎರಡು ಸಲ ತಿರುಗಿದ ಸದ್ದು ಕೇಳಿಸ್ತು. ಯಾಕೇ ಹಾರಿಸಿದೆ ಅಂದ್ರೆ, ‘ತಾತ, ಅದು ನಿನ್ನ ವಯಸ್ಸಿನೋರಿಗಲ್ಲ’ ಅಂತಾಳೆ. ನನ್ನ ಮನೇಲಿ, ನನಗೆ! ಏನಿದೆ ರೀ ಅದರಲ್ಲಿ? ಓದಿ. ಈಗ್ಲೇ ಓದಿ.”

ಮೇಷ್ಟ್ರು ಪುಸ್ತಕ ತೆಗೆದುಕೊಂಡು, ಸಿಂಚನಾ ಗುರುತಿಟ್ಟಿದ್ದ ಜಾಗದಿಂದ ಹಿಂದಕ್ಕೆ ತಿರುಗಿಸಿ ಆ ಪುಟ ಹುಡುಕಿದರು. ನನ್ನ ಮಗಳು ಅದೇ ಕಾದಂಬರಿಯನ್ನು ನಮ್ಮ ಮನೆಗೂ ತಂದಿದ್ದಾಗ ನಾನು ಕದ್ದು ಪೂರ್ತಿ ಓದಿದ್ದರಿಂದ ಆ ಪುಟದಲ್ಲಿ ಏನಿದೆಯೆಂದು ನನಗೂ ಗೊತ್ತಿತ್ತು. ಅಲ್ಲಿ ಹುಡುಗಿಯ ತಾತ ಸಾಯುತ್ತಾನೆ. ಕುರ್ಚಿಯಲ್ಲಿ ಕೂತು, ಮೊಮ್ಮಗಳು ಕಾಫಿ ತರಲೆಂದು ಕಾಯುತ್ತಿದ್ದವನು, ಅವಳು ಲೋಟ ಹಿಡಿದು ಬರುವಷ್ಟರಲ್ಲಿ ಇರುವುದಿಲ್ಲ. ಯಜಮಾನರ ಎದೆಗೆ ಹಿಂದಿನ ವರ್ಷವಷ್ಟೇ ಸ್ಟೆಂಟ್ ಹಾಕಿದ್ದರು.

ನಾನು ಯಜಮಾನರ ಬೆನ್ನ ಹಿಂದೆ ನಿಂತು ಎರಡೂ ಕೈ ಆಡಿಸಿದೆ. ಬೇಡ, ತಿರುಗಿಸಿಬಿಡಿ, ಮಳೆಯ ವರ್ಣನೆ ಅಂತ ಹೇಳಿಬಿಡಿ ಎಂದು ನನಗೆ ತಿಳಿದ ಎಲ್ಲ ಸನ್ನೆಯನ್ನೂ ಮಾಡಿದೆ. ಅಷ್ಟರಲ್ಲಿ ಕಪಾಟಿನ ಆಚೆಯಿಂದ ಸಿಂಚನಾ ಎದ್ದು ಬಂದಳು. ಕಣ್ಣು ಕೆಂಪಾಗಿತ್ತು.

“ಮೇಷ್ಟ್ರೇ, ಆ ಪುಟ ಬೇಡ. ಪ್ಲೀಸ್.”

ಯಾವ ಪ್ರಶ್ನೆಗೂ ಸೀಟಿ ಊದಿದಷ್ಟು ಬೇಗ ಉತ್ತರ ಕೊಡುತ್ತಿದ್ದ ಮನುಷ್ಯ ಅವತ್ತು ಹುಡುಗಿಯ ಮುಖ ನೋಡಿದರು, ಮುದುಕರ ಮುಖ ನೋಡಿದರು, ಪುಸ್ತಕ ನೋಡಿದರು.

“ನಿನ್ನ ತಾತ ಕೇಳ್ತಾ ಇದಾರಮ್ಮ,” ಎಂದರು. ಆಮೇಲೆ ಓದಿದರು. ಒಂದು ಮಾತೂ ಬಿಡಲಿಲ್ಲ. ಕುರ್ಚಿ, ಕಾಫಿ, ಅಂಗಳದಲ್ಲಿ ಒಣಗುತ್ತಿದ್ದ ಹುಣಸೆಹಣ್ಣು, ತೆರೆದೇ ಇದ್ದ ಕಣ್ಣು, ಎಲ್ಲವನ್ನೂ ಓದಿದರು. ಬಹಳ ನಿಧಾನವಾಗಿ, ಕಿರುಚದೆ.

ನಾನು ಆಂಬುಲೆನ್ಸಿನ ನಂಬರು ಒತ್ತಿ, ಕರೆಯುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡಿದ್ದೆ.

“ಸತ್ನಾ?” ಯಜಮಾನರು ಕೇಳಿದರು.

“ಹೂಂ.”

“ಕಾಫಿ ಕುಡಿಯೋಕ್ ಮುಂಚೇನಾ?”

“ಮುಂಚೆ.”

“ಛೆ.” ಕೋಲಿನ ಮೇಲೆ ಗಲ್ಲ ಊರಿದರು. ಆಮೇಲೆ ದನಿ ಬಂದ ಕಡೆಗೆ, ಮೊಮ್ಮಗಳು ನಿಂತಿದ್ದ ಕಡೆಗೆ ಮುಖ ತಿರುಗಿಸಿದರು. “ಇಷ್ಟಕ್ಕೇನೇ ಹಾರಿಸಿದ್ದು? ನಾನೇನೋ ಇನ್ನೇನೋ ಇದೆ ಅಂದ್ಕೊಂಡಿದ್ದೆ. ಮುದುಕ, ಸಾಯ್ತಾನೆ. ಅದು ಬಿಡು. ಆ ಹುಡುಗಿ ಕೈಲಿ ಲೋಟ ಹಿಡ್ಕೊಂಡು ನಿಂತಿದಾಳಲ್ಲ, ಅವಳು ಆಮೇಲೆ ಏನ್ ಮಾಡ್ತಾಳೆ? ಅದು ಗೊತ್ತಾಗಬೇಕು ನನಗೆ. ಓದಿ ಮೇಷ್ಟ್ರೇ.”

ಮೇಷ್ಟ್ರು ಓದಲಿಲ್ಲ. ತೆರೆದ ಪುಸ್ತಕವನ್ನು ಹಾಗೇ ಸಿಂಚನಾಳ ಕಡೆಗೆ ಚಾಚಿದರು. ಅವಳು ಬಂದು ತಾತನ ಸ್ಟೂಲಿನ ಪಕ್ಕ ಚಾಪೆಯ ಮೇಲೆ ಕೂತಳು. ಬೆಂಚಿನ ಹಿಂದೆ ಅಡಗಿದ್ದ ಮಕ್ಕಳು ಒಬ್ಬೊಬ್ಬರಾಗಿ ಆ ಕೆಂಪು ಬೋರ್ಡಿನ ಕೆಳಗಿಂದಲೇ ಈಚೆ ಬಂದು ಸುತ್ತ ಕೂತರು. ಯಜಮಾನರು ಯಾರನ್ನೂ ಯಾರಮ್ಮ, ಯಾರಪ್ಪ ಎಂದು ಕೇಳಲಿಲ್ಲ. ಮೊದಲ ಸಾಲನ್ನು ಸಿಂಚನಾ ಪಿಸುದನಿಯಲ್ಲಿ ಓದಿದಳು. ಎರಡನೆಯ ಸಾಲಿಗೆ ದನಿ ಬಂತು.

ಪುಟ ಮುಗಿದಾಗ ಸಿಂಚನಾ ಹಾಳೆ ತಿರುಗಿಸಿದಳು. ಒಂದೇ ಒಂದು.